ಬೈಯದೆ ಕೊಡಬಹುದಾದ ಬಟ್ಟೆ

(ಶಿವಮೊಗ್ಗದಲ್ಲಿ ಒಂದು ಭಾನುವಾರ ಸಂಜೆ ಪುಟ್ಟ ಮಕ್ಕಳ ತಂದೆತಾಯಿ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಬುಟ್ಟಿಯಲ್ಲಿ ಒಂಬತ್ತು ಬಟ್ಟೆ ಇವೆ. ಮಲ್ ಅಂದರೆ ತೆಳು ಹತ್ತಿ ಬಟ್ಟೆ, ಅದರ ಒಂದು ಹಳೆ ಸೀರೆ ಕತ್ತರಿಸಿದ ಆರು ತುಂಡು. ನೀಲಿ ಬಣ್ಣ ಹಾಕಿದ ಒಂದು ಪಂಚೆ. ಒಂದು ಚೌಕಳಿ ಲುಂಗಿ. ಇನ್ನೊಂದು, ರೇಷ್ಮೆ ಅಂತ ಹೇಳಿ ನನಗೆ ಮಾರಿದ್ದು. ಅದರ ಕಥೆ ಆಮೇಲೆ.

ನಾನು ಟೈಲರ್ ಮಗಳು, ಹೊಸನಗರದ ಕಡೆಯವಳು. ಅಪ್ಪನ ಅಂಗಡಿಯಲ್ಲಿ ಮಿಷನ್ ಕೆಳಗೆ ಕೂತು, ಕತ್ತರಿಸಿ ಬಿದ್ದ ಚೂರುಗಳಲ್ಲಿ ಆಡಿ ಬೆಳೆದವಳು. ಈಗ ಇದೇ ಊರಲ್ಲಿ ನಮ್ಮ ಮನೆ ಜಗಲಿಯಲ್ಲಿ ಹದಿನೈದು ಮಕ್ಕಳ ಶಿಶುವಿಹಾರ ನಡೆಸುತ್ತೇನೆ. ಮಕ್ಕಳ ಆಟಕ್ಕೆ ಬಟ್ಟೆ ಆರಿಸುವ ಬಗ್ಗೆ ಮಾತಾಡಬೇಕು ಅಂತ ಅಮ್ಮನಿಗೆ ಹೇಳಿದೆ. "ಅದಕ್ಕೂ ಭಾಷಣವೇನೇ? ಹಳೆ ಸೀರೆ ಕೊಟ್ರೆ ಆಯ್ತು ಮಾರಾಯ್ತಿ" ಅಂದರು. ಅಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ನನಗೆ ಅರ್ಧ ಗಂಟೆ ಬೇಕು.

ಕಳೆದ ಬಾರಿ ಕೋಟೆ ಮಾರಿಕಾಂಬಾ ಜಾತ್ರೆ ಆಯಿತಲ್ಲ, ಅದು ಮುಗಿದ ಮರುವಾರದ ಮಾತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ನಾಲ್ಕು ವರ್ಷದ ಮಗುವಿಗೆ ಅದೇ ಮೊದಲನೆಯದು ಅಂತ ಲೆಕ್ಕ, ಹಿಂದಿನದು ಎಲ್ಲಿ ನೆನಪಿರುತ್ತದೆ? ಬೆಳಿಗ್ಗೆ ಬಂದವರೇ ಒಂದು ಕುರ್ಚಿ ಮಗುಚಿ ಹಾಕಿದರು. ಅದರ ಮೇಲೆ ಈ ಕೆಂಪು ಬಟ್ಟೆ ಹೊದೆಸಿದರು. ಒಳಗೆ ಒಬ್ಬಳು ಕಣ್ಣು ಮುಚ್ಚಿ ಕೂತಳು. ಅವಳು ಅಮ್ಮನವರು. ಉದ್ದನೆಯ ಪಟ್ಟಿಗಳನ್ನು ನೆಲದ ಮೇಲೆ ಹಾಸಿ ದರ್ಶನಕ್ಕೆ ಸಾಲು ಮಾಡಿದರು. ಒಬ್ಬ ಪೊಲೀಸ್ ಆದ. ಇನ್ನೊಬ್ಬ ಒಂದು ಚೌಕ ಹಾಸಿಕೊಂಡು ಮಂಡಕ್ಕಿ ಅಂಗಡಿ ಇಟ್ಟ. ಹತ್ತು ನಿಮಿಷ ಆಗಿರಬೇಕು, ಗುಡಿಯೊಳಗಿಂದ ದನಿ ಬಂತು: "ಟೀಚರ್, ಸುಸ್ಸು." ಅಮ್ಮನವರು ಎದ್ದು ಹೋದರು. ಪೊಲೀಸ್ ಗಲಿಬಿಲಿ ಆಗಲಿಲ್ಲ. ಕೆಂಪು ಬಟ್ಟೆಯ ಅಂಚನ್ನು ಕೆಳಗೆ ಎಳೆದು, "ಬಾಗ್ಲು ಹಾಕಿದೆ, ಮಂಗಳಾರತಿ ಆದ್ಮೇಲೆ ಬನ್ನಿ" ಅಂದ. ಸಾಲಿನಲ್ಲಿದ್ದವರು ಸುಮ್ನೆ ಕೂತು ಕಾದರು. ನಾನು ಅಷ್ಟು ಹೊತ್ತು ಒಂದು ಮಾತೂ ಆಡಿರಲಿಲ್ಲ.

ಊಟದ ಹೊತ್ತಿಗೆ ಅದೇ ಬಟ್ಟೆ ಯಾರದೋ ಸೊಂಟದಲ್ಲಿತ್ತು. ಸಂಜೆ ಅದು ಕಾಲು ಮುರಿದ ನಾಯಿಯ ಹಾಸಿಗೆ. ನಾಯಿ ಅಂದರೆ ನಮ್ಮ ಇನ್ನೊಬ್ಬ ವಿದ್ಯಾರ್ಥಿ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರಲ್ಲಿ ಮಕ್ಕಳ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟಿದ್ದರು. ಕೋಲನ್ನು ಕುದುರೆ ಮಾಡಿಕೊಳ್ಳುವ ಮಗುವಿನ ಉದಾಹರಣೆ ಅದರಲ್ಲಿ ಬರುತ್ತದೆ. ಎಲ್ಲರೂ ಅಷ್ಟನ್ನೇ ಹೇಳಿ ಬಿಡುತ್ತಾರೆ. ನನಗೆ ಇಷ್ಟವಾಗುವುದು ಅವರ ಇನ್ನೊಂದು ಮಾತು. ಅಂಚೆ ಕಾರ್ಡು ಮಗುವಿಗೆ ಕುದುರೆ ಆಗುವುದಿಲ್ಲ. ಯಾಕೆಂದರೆ ಅದರ ಮೇಲೆ ಕಾಲು ಹಾಕಿ ಓಡಲು ಬರುವುದಿಲ್ಲ. ಮಗು ಏನನ್ನು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಕೈಯಲ್ಲಿರುವ ವಸ್ತು ಒಂಚೂರಾದರೂ ಸಹಕರಿಸಬೇಕು. ಗಂಜಿ ಹಾಕಿದ ಗರಿಗರಿ ಬಟ್ಟೆ ಹೊಳೆ ಆಗುವುದಿಲ್ಲ. ಜಾರುವ ಬಟ್ಟೆ ಮನೆಯ ಮಾಡು ಆಗುವುದಿಲ್ಲ, ಐದು ನಿಮಿಷಕ್ಕೆ ಕೆಳಗೆ ಬಿದ್ದಿರುತ್ತದೆ. ಅಮ್ಮ ಬಿಟ್ಟ ಕಾಲು ಪಾಲು ಇದೇ.

ಈಗ ರೇಷ್ಮೆಯ ಕಥೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1919ರಲ್ಲಿ ವಾಲ್ಡೋರ್ಫ್ ಅನ್ನುವ ಶಾಲೆ ಶುರುವಾಯಿತು. ಆ ಪದ್ಧತಿಯ ಶಿಶುವಿಹಾರಗಳಲ್ಲಿ ತೆಳು ರೇಷ್ಮೆಯ ಬಣ್ಣದ ಚೌಕಗಳನ್ನು ಆಟಕ್ಕೆ ಇಡುತ್ತಾರೆ. ಅವುಗಳ ಫೋಟೋ ನೋಡಿ ನನಗೂ ಆಸೆ ಆಯಿತು. ಆನ್‌ಲೈನಲ್ಲಿ ಐದು ಚೌಕ ತರಿಸಿದೆ. ಬೆಲೆ ಹೇಳುವುದಿಲ್ಲ, ನಮ್ಮ ಯಜಮಾನರು ಹಿಂದೆ ಕೂತಿದ್ದಾರೆ. ಚೆಂದ ಹೊಳೆಯುತ್ತಿದ್ದವು. ಮೊದಲ ವಾರ ಪೂರ್ತಿ ನಾನು ಹೇಳಿದ್ದು ಒಂದೇ: "ನೆಲಕ್ಕೆ ಹಾಕ್ಬೇಡ, ಒದ್ದೆ ಮಾಡ್ಬೇಡ, ಎಳೀಬೇಡ." ಎರಡನೇ ವಾರ ಮಕ್ಕಳು ಅವನ್ನು ಮುಟ್ಟುವುದನ್ನೇ ಬಿಟ್ಟರು. ಒಗೆಯಲು ಹಾಕಿದ್ದ ನಮ್ಮ ಮಾವನ ಪಾಣಿಪಂಚೆ ಎತ್ತಿಕೊಂಡು ಹೋಗಿ ಆಡಿದರು.

ಅಪ್ಪ ಬಂದಾಗ ಆ ಚೌಕವನ್ನು ಬೆರಳಲ್ಲಿ ಉಜ್ಜಿ ನೋಡಿದರು. ಮಾತಾಡಲಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಎಳೆ ಉರಿಯುವ ಮೊದಲೇ ಮುದುಡಿ ಕರಗಿತು. ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಗುಂಡು, ಕಲ್ಲಿನ ಹಾಗೆ ಗಟ್ಟಿ. "ಇದು ಪಾಲಿಯೆಸ್ಟರ್ ಕಣೇ" ಅಂದರು. ಮಾರಿದವರಿಗೆ ಬರೆದೆ. ಉತ್ತರ ಬರಲಿಲ್ಲ.

ಈ ಪರೀಕ್ಷೆ ಎಲ್ಲರೂ ಕಲಿತಿರಬೇಕಾದದ್ದು. ದೊಡ್ಡವರು ಮಾಡಬೇಕು, ಮಕ್ಕಳು ಹತ್ತಿರ ಇಲ್ಲದಾಗ, ಸ್ಟೀಲ್ ತಟ್ಟೆಯ ಮೇಲೆ, ಇಕ್ಕಳದಲ್ಲಿ ಹಿಡಿದು. ಹತ್ತಿಯ ಎಳೆ ಬೇಗ ಹೊತ್ತಿಕೊಳ್ಳುತ್ತದೆ, ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ನಿಜವಾದ ರೇಷ್ಮೆ ನಿಧಾನಕ್ಕೆ ಉರಿಯುತ್ತದೆ, ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿ. ಪಾಲಿಯೆಸ್ಟರ್, ನೈಲಾನ್ ಕರಗಿ ಗುಂಡಾಗುತ್ತವೆ. ಹತ್ತಿಯೂ ಪಾಲಿಯೆಸ್ಟರೂ ಬೆರೆಸಿದ್ದಾದರೆ ಎರಡರ ಲಕ್ಷಣವೂ ಇರುತ್ತದೆ. ರೇಯಾನ್ ಮಾತ್ರ ಮೋಸ ಮಾಡುತ್ತದೆ, ಹತ್ತಿಯ ಹಾಗೇ ಉರಿಯುತ್ತದೆ. ಅದನ್ನು ಹಿಡಿಯಲು ಅಪ್ಪ ಒಂದು ಎಳೆ ನೆಕ್ಕಿ ಎಳೆಯುತ್ತಿದ್ದರು. ಒದ್ದೆಯಾದರೆ ರೇಯಾನ್‌ಗೆ ಬಲ ಇರುವುದಿಲ್ಲ, ಪಟ್ ಅಂತ ತುಂಡಾಗುತ್ತದೆ.

ಪಾಲಿಯೆಸ್ಟರ್ ಪಾಪದ ವಸ್ತು ಅಂತ ನಾನು ಹೇಳುತ್ತಿಲ್ಲ. ಬೇಗ ಒಣಗುತ್ತದೆ, ಬಣ್ಣ ಬಿಡುವುದು ಕಡಿಮೆ, ಹರಿಯುವುದಿಲ್ಲ. ಆದರೆ ಬೆವರು ಹೀರುವುದಿಲ್ಲ, ಜಾರುತ್ತದೆ. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ನಮ್ಮ ಮನೆಗಳಲ್ಲಿ ಸಂಜೆ ದೇವರ ಮುಂದೆ ದೀಪ ಇರುತ್ತದೆ, ಹಳ್ಳಿ ಮನೆಯಾದರೆ ಬಚ್ಚಲ ಒಲೆ. ಜಾರ್ಜೆಟ್ ವೇಲ್ ಹೊದ್ದುಕೊಂಡ ಮಗು ಅಲ್ಲಿ ಓಡಾಡುವುದು ನನಗೆ ಬೇಡ. ಹತ್ತಿಗೂ ಬೆಂಕಿ ಹತ್ತುತ್ತದೆ, ಮರೆಯಬೇಡಿ. ಯಾವ ಬಟ್ಟೆಯಾದರೂ ದೀಪದಿಂದ ದೂರವೇ.

ಹಾಗಾದರೆ ನಿಜವಾದ ರೇಷ್ಮೆ? ಹಗುರ, ಬೆಚ್ಚಗೆ, ಗಾಳಿಗೆ ಹಾರಿಸಿದರೆ ನಿಧಾನಕ್ಕೆ ಇಳಿಯುತ್ತದೆ. ಒಳ್ಳೆಯದೇ. ನನ್ನ ತಕರಾರು ಒಂದೇ. ಬಟ್ಟೆ ದುಬಾರಿಯಾದಷ್ಟೂ ನಮ್ಮ ಬಾಯಿ ಜೋರಾಗುತ್ತದೆ. ಆಟದ ಬಟ್ಟೆಗೆ ಕೆಸರು ಹತ್ತಬೇಕು, ಸಾರು ಚೆಲ್ಲಬೇಕು, ಯಾರೋ ಅದರ ಮೇಲೆ ಮಲಗಿ ಜೊಲ್ಲು ಸುರಿಸಬೇಕು. ಆಗ ನಿಮಗೆ ಹೊಟ್ಟೆ ಉರಿಯಬಾರದು. ಅಂಗಡಿಯಲ್ಲಿ ನಿಂತಾಗ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಮಗು ಅಂಗಳದ ಕೆಸರಲ್ಲಿ ಎಳೆದರೆ ನಾನು ಬೈಯುತ್ತೇನಾ? ಹೌದಾದರೆ ವಾಪಸ್ ಇಡಿ. ಮನೆಯ ಹಳೆ ರೇಷ್ಮೆ ಸೀರೆ ಕೊಡುವುದಾದರೆ ಜರಿ ಅಂಚು ಕತ್ತರಿಸಿ ತೆಗೆಯಿರಿ. ಹಳೆ ಜರಿ ಕಿತ್ತು ಬಂದರೆ ಕೆನ್ನೆಗೆ ಗೀರುತ್ತದೆ.

ನನ್ನ ಆಯ್ಕೆ ಮಲ್ ಬಟ್ಟೆ. ಹಳೆಯದಾದಷ್ಟೂ ಮೆತ್ತಗೆ. ಹೊದ್ದರೆ ಉಸಿರು ಕಟ್ಟುವುದಿಲ್ಲ, ಒಳಗೆ ಕೂತರೆ ಬೆಳಕು ಬಣ್ಣ ತಿರುಗಿ ಬರುತ್ತದೆ. ಮಕ್ಕಳಿಗೆ ಅದು ಹುಚ್ಚು ಇಷ್ಟ. ಇನ್ನೊಂದು ಕಾರಣ ನಮ್ಮ ಮಳೆ. ಹೊರಗಿನವರು ಬರೆದ ಯಾವ ಸಲಹೆಯಲ್ಲೂ ಇದು ಇರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಇಲ್ಲಿ ಎಷ್ಟು ಜನ ಇದ್ದೀರಿ? ನೋಡಿ, ಅರ್ಧ ಸಭೆ ಕೈ ಎತ್ತಿತು. ಆಷಾಢದಲ್ಲಿ ದಪ್ಪ ಬೆಡ್‌ಶೀಟ್ ಒಗೆದರೆ ಮೂರು ದಿನ ಹಸಿ. ನಾಲ್ಕನೇ ದಿನ ಕಪ್ಪು ಚುಕ್ಕೆಯ ಬೂಷ್ಟು. ಆ ಚುಕ್ಕೆ ಸತ್ತರೂ ಹೋಗುವುದಿಲ್ಲ, ಮಗು ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಮಲ್ ಬಟ್ಟೆ ರಾತ್ರಿ ಫ್ಯಾನ್ ಕೆಳಗೆ ಹರವಿದರೆ ಬೆಳಿಗ್ಗೆ ಆಟಕ್ಕೆ ಸಿದ್ಧ. ತೀರ್ಥಹಳ್ಳಿ ಹತ್ತಿರ ನಮ್ಮತ್ತೆ ಮನೆಯಲ್ಲಿ ಹಂಡೆ ಒಲೆಯ ಮೇಲೆ ಬಿದಿರು ಗಳ ಕಟ್ಟಿದ್ದಾರೆ. ಅಲ್ಲಿ ಒಣಗಿಸಿ ತಂದ ಬಟ್ಟೆಯನ್ನು ಒಬ್ಬ ಹುಡುಗ ಮೂಗಿಗೆ ಒತ್ತಿಕೊಂಡು, "ಟೀಚರ್, ಇದು ಅಜ್ಜಿ ಮನೆ" ಅಂದ. ಹೊಗೆ ವಾಸನೆ. ಆ ದಿನ ಆಟ ಪೂರ್ತಿ ಅಜ್ಜಿ ಮನೆಯದೇ.

ಈಗ ಅಳತೆ. ಒಂದು ಸೀರೆ ಐದೂವರೆ ಮೀಟರ್. ಬಟ್ಟೆಯ ಅಗಲಕ್ಕೆ ಟೈಲರ್‌ಗಳು ಪನ್ನ ಅನ್ನುತ್ತಾರೆ, ಸೀರೆಯ ಪನ್ನ ಸುಮಾರು 45 ಇಂಚು. ನಾನು ಕತ್ತರಿಸಿದ್ದು ಹೀಗೆ. ಎರಡು ಮೀಟರಿನ ಒಂದು ದೊಡ್ಡ ತುಂಡು, ಮನೆ ಕಟ್ಟಲಿಕ್ಕೆ, ಗುಡಿ ಮಾಡಲಿಕ್ಕೆ. ಒಂದೊಂದು ಮೀಟರಿನ ಎರಡು ಚೌಕ, ಹೊದೆಯಲಿಕ್ಕೆ, ಗಂಟು ಕಟ್ಟಲಿಕ್ಕೆ, ಗೊಂಬೆ ಮಲಗಿಸಲಿಕ್ಕೆ. ಉಳಿದ ಒಂದೂವರೆ ಮೀಟರನ್ನು ಉದ್ದಕ್ಕೆ ಸೀಳಿ ಮೂರು ಪಟ್ಟಿ, ಒಂದೊಂದೂ 15 ಇಂಚು ಅಗಲ. ಪಟ್ಟಿ ಯಾಕೆ ಅಂದರೆ, ನಮ್ಮ ಮಕ್ಕಳು ಯಕ್ಷಗಾನ ನೋಡಿ ಬೆಳೆದವರು. ಚೌಕದಲ್ಲಿ ಮುಂಡಾಸು ಕಟ್ಟಲು ಬರುವುದಿಲ್ಲ. ಹೊರಗೆ ಸಿಗುವ ಸೆಟ್‌ಗಳಲ್ಲಿ ಇರುವುದೆಲ್ಲ ಚೌಕವೇ. ನಮ್ಮಲ್ಲಿ ಇಬ್ಬರು ಒಂದು ಚೌಕದ ಎರಡು ತುದಿ ಹಿಡಿದು ನಿಂತರೆ ಅದು ತೆರೆ. ಹಿಂದೆ ವೇಷ ಬೆನ್ನು ಹಾಕಿ ಕುಣಿಯುತ್ತದೆ. ತೆರೆ ಸರಿದ ತಕ್ಷಣ ನಾವು ಹೆದರಬೇಕು. ಹೆದರದಿದ್ದರೆ ಮೊದಲಿಂದ ಶುರು.

ದೊಡ್ಡ ಬಟ್ಟೆಗೆ ಎರಡು ಕಿಟಕಿಯ ನಡುವೆ ಕಟ್ಟಿದ ಒಂದು ಹಗ್ಗ, ಒಂದು ಡಜನ್ ಬಟ್ಟೆ ಕ್ಲಿಪ್ಪು ಸಾಕು. ಹಗ್ಗ ದೊಡ್ಡವರ ತಲೆಗಿಂತ ಮೇಲಿರಲಿ. ಕ್ಲಿಪ್ಪಿನ ಕೆಲಸ ನನ್ನದು.

ಚಿತ್ರ ಇರುವ ಬಟ್ಟೆ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಕಾರ್ಟೂನ್ ಹುಲಿ ಇರುವ ಬಟ್ಟೆ ಕೊನೆವರೆಗೂ ಹುಲಿಯೇ ಆಗಿರುತ್ತದೆ ಅಂತ. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ಈ ಲುಂಗಿ ನನ್ನ ಬಾಯಿ ಮುಚ್ಚಿಸಿತು. ಚೌಕಳಿಯ ಗೆರೆಗಳು ರಸ್ತೆ ಆದವು. ಅದರ ಮೇಲೆ ಪುಟ್ಟ ಬಸ್ಸುಗಳು ಓಡಿದವು, ಒಂದೊಂದು ಚೌಕ ಒಬ್ಬೊಬ್ಬರ ಗದ್ದೆ ಆಯಿತು. ಗದ್ದೆ ಅಂದ ಮೇಲೆ ಬೇಲಿ ಜಗಳವೂ ಆಯಿತು. ಈಗ ನನ್ನ ಮಾತು ಇಷ್ಟೇ: ಮುಖ, ಕಣ್ಣು, ಹೆಸರು ಇರುವ ಚಿತ್ರ ಬೇಡ. ಗೆರೆ, ಚೌಕಳಿ, ಬುಟ್ಟಾ ಇದ್ದರೆ ತಂಟೆ ಇಲ್ಲ.

ಬಣ್ಣದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಚಿಕ್ಕ ಮಕ್ಕಳು ಬಟ್ಟೆ ಚೀಪುತ್ತಾರೆ. ಅಜೋ ಅನ್ನುವ ಬಣ್ಣಗಳಲ್ಲಿ ಕೆಲವು ಒಡೆದಾಗ ಕ್ಯಾನ್ಸರ್ ತರಬಲ್ಲ ವಸ್ತುಗಳಾಗುತ್ತವೆ. ಅಂಥವನ್ನು ನಮ್ಮ ಸರ್ಕಾರ 1997ರಲ್ಲೇ ನಿಷೇಧಿಸಿದೆ. ಅಂಗಡಿಯಲ್ಲಿ ನಿಂತು ನಾವು ಅದನ್ನು ಕಣ್ಣಲ್ಲಿ ಕಂಡುಹಿಡಿಯಲು ಆಗುವುದಿಲ್ಲ. ಬಣ್ಣ ಬಿಡುತ್ತದಾ ಅಂತ ನೋಡಬಹುದು. ಬಿಳಿ ಕರ್ಚೀಫ್ ಒದ್ದೆ ಮಾಡಿ ಬಟ್ಟೆಯ ಮೂಲೆಯನ್ನು ಇಪ್ಪತ್ತು ಸಲ ಉಜ್ಜಿ. ಕರ್ಚೀಫಿಗೆ ಬಣ್ಣ ಬಂದರೆ ಮಗುವಿನ ಬಾಯಿಗೂ ಬರುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ನಮ್ಮ ಮನೆಗಳ ನಂಬಿಕೆ. ಬಣ್ಣ ಹಾಕಿ ಮುಗಿದ ಬಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ನೀರು ತಿಳಿಯಾಗುವವರೆಗೆ ಒಗೆಯುವುದೇ ದಾರಿ. ಕೋರಾ ಬಟ್ಟೆ, ಬಿಳಿ ಪಂಚೆಯಲ್ಲಿ ಈ ತಲೆನೋವೇ ಇಲ್ಲ.

ಬಿಳಿ ತಂದು ಮನೆಯಲ್ಲೇ ಬಣ್ಣ ಹಾಕಬಹುದು. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಚರಕ ಅನ್ನುವ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಗಿಡಮೂಲದ ಬಣ್ಣ ಹಾಕುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಅದರಲ್ಲಿ ಅಡಿಕೆ ಚೊಗರೂ ಒಂದು. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಉಳಿಯುವ ಆ ಕಂದುಗೆಂಪು ನೀರು. ಅಡಿಕೆ ಸುಲಿಯಲು ಕೂತವರ ಅಂಗಿ ನೋಡಿದವರಿಗೆ ಆ ಕಲೆ ಎಷ್ಟು ಗಟ್ಟಿ ಅಂತ ಹೇಳಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಒಂದು ಕೊಡ ಚೊಗರು ಯಾರೂ ಇಲ್ಲ ಅನ್ನುವುದಿಲ್ಲ. ಬಟ್ಟೆಯ ಗಂಜಿ ಹೋಗುವ ಹಾಗೆ ಮೊದಲು ವಾಷಿಂಗ್ ಸೋಡಾ ಹಾಕಿ ಕುದಿಸಿ ಒಗೆಯಿರಿ. ಆಮೇಲೆ ಪಟಿಕ ಕರಗಿಸಿದ ನೀರಲ್ಲಿ ನೆನೆಸಿ, ಚೊಗರಿನಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ. ಅರಿಶಿನವನ್ನು ಮಾತ್ರ ನಂಬಬೇಡಿ. ಮಕ್ಕಳ ಜೊತೆ ಹಳದಿ ಚೌಕ ಮಾಡಿದ್ದೆವು. ಬಿಸಿಲಿಗೆ ನಾಲ್ಕು ದಿನದಲ್ಲಿ ಮಾಸಿತು. ಮಧ್ಯದಲ್ಲಿ ಸೋಪಿನ ಕೈ ತಾಗಿದಲ್ಲೆಲ್ಲ ಕೆಂಪಾಯಿತು, ಓಕುಳಿಯ ಹಾಗೆ. ಬಟ್ಟೆ ಹಾಳಾಯಿತು, ಮಕ್ಕಳಿಗೆ ಎರಡು ದಿನದ ಆಟ ಸಿಕ್ಕಿತು.

ಹೊಸ ಹತ್ತಿ ಬಟ್ಟೆ ತಂದರೆ ಒಗೆದ ಮೇಲೆ ಕತ್ತರಿಸಿ, ಕುಗ್ಗುತ್ತದೆ. ಕತ್ತರಿಸಿದ ಅಂಚಿಗೆ ಪಿಕೋ ಮಾಡಿಸಿ. ಗಾಂಧಿ ಬಜಾರಿಗೆ ಹೋದಾಗ ಆ ಕಡೆಯೇ ಮುಗಿಸಿಕೊಂಡು ಬರಬಹುದು. ಚೆಂದಕ್ಕೆ ಅಂತ ಹೇಳುತ್ತಿಲ್ಲ. ಬಿಚ್ಚಿದ ದಾರ ಪುಟ್ಟ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಮಗು ಯಾಕೆ ಅಳುತ್ತಿದೆ ಅಂತಲೇ ನಮಗೆ ಗೊತ್ತಾಗುವುದಿಲ್ಲ. ಕುಚ್ಚು, ಮಣಿ, ಗೊಂಡೆ ಇದ್ದರೆ ಕಿತ್ತು ಹಾಕಿ.

ಕುತ್ತಿಗೆಯ ವಿಷಯದಲ್ಲಿ ನಾನು ಹಠಮಾರಿ. ಕುತ್ತಿಗೆಗೆ ಗಂಟು ಇಲ್ಲ, ಯಾವ ವೇಷಕ್ಕೂ ಇಲ್ಲ. ಬೆನ್ನ ಮೇಲೆ ಹಾರುವ ಬಟ್ಟೆ ಬೇಕೆಂದರೆ ಎರಡು ಮೂಲೆಯನ್ನು ಅಂಗಿಯ ಕಾಲರ್ ಒಳಗೆ ಸಿಕ್ಕಿಸಿ, ಇಲ್ಲ ಭುಜಕ್ಕೆ ವೆಲ್ಕ್ರೋ ಹಾಕಿ. ಎಳೆದರೆ ಕಿತ್ತು ಬರಬೇಕು. ಜಾರುಬಂಡೆ, ಜೋಕಾಲಿ, ಸೈಕಲ್ ಹತ್ತುವ ಮೊದಲು ಬಟ್ಟೆ ಬುಟ್ಟಿಗೆ. ಸ್ಕೂಟರ್ ಚಕ್ರಕ್ಕೆ ವೇಲ್ ಸಿಕ್ಕಿಕೊಳ್ಳುವುದು ನಮಗೆ ಗೊತ್ತಲ್ವಾ? ಅದೇ ಲೆಕ್ಕ. ಮೂರು ವರ್ಷದೊಳಗಿನವರಿಗೆ ಉದ್ದ ಪಟ್ಟಿ ನಾನು ಕೊಡುವುದೇ ಇಲ್ಲ. ಕೊಡುವುದು ಚಿಕ್ಕ ಚೌಕ, ಅದೂ ನಾನು ಎದುರು ಕೂತಿದ್ದಾಗ. ಮಲಗಿರುವ ಕೂಸಿನ ಹತ್ತಿರ ಸಡಿಲ ಬಟ್ಟೆ ಬೇಡವೇ ಬೇಡ.

ಒಬ್ಬರು ಅಂಗನವಾಡಿ ಅಕ್ಕ ಕೇಳಿದರು: "ನಮ್ಮತ್ರ ದುಡ್ಡಿಲ್ಲ. ಹಳೇ ಬಟ್ಟೆ ಕೇಳಿದ್ರೆ ಕೆಲವರಿಗೆ ಬೇಜಾರಾಗತ್ತೆ, ಯಾರ್ಯಾರದೋ ಬಟ್ಟೆ ಅಂತಾರೆ."

ನಿಜ. ಹಾಗಾಗಿ ಒಂದೊಂದು ಮಗುವಿನ ಮನೆಯಿಂದ ಒಂದೊಂದು ಕೇಳಿ. ಬಿಸಿನೀರಲ್ಲಿ ಒಗೆದು, ಮೂಲೆಯಲ್ಲಿ ಆ ಮಗುವಿನ ಗುರುತಿಗೆ ಒಂದು ದಾರದ ಹೊಲಿಗೆ ಹಾಕಿ. ಮಕ್ಕಳು ಅದನ್ನು ಬೆರಳಲ್ಲಿ ಹುಡುಕಿ "ಇದು ನಮ್ಮಜ್ಜಿದು" ಅಂತ ಜಂಬ ಮಾಡುತ್ತಾರೆ. ಮೊದಲ ವಾರ ತಮ್ಮದನ್ನು ಬಿಟ್ಟುಕೊಡುವುದಿಲ್ಲ. ಮೂರನೇ ವಾರಕ್ಕೆ ಎಲ್ಲ ಬೆರೆತು ಹೋಗುತ್ತದೆ. ಹದಿನೈದು ಮಕ್ಕಳಿಗೆ ಹತ್ತು ಬಟ್ಟೆ ಸಾಕು. ಸ್ವಲ್ಪ ಕಮ್ಮಿ ಬೀಳಲಿ, ಆಗ ಮಾತುಕತೆ ಶುರುವಾಗುತ್ತದೆ. ಮನೆಯಲ್ಲಾದರೆ ಐದಾರು. ಮಡಚಿ ಬೀರುವಿನಲ್ಲಿ ಇಡಬೇಡಿ, ಮಗುವಿನ ಕೈಗೆ ಸಿಗುವ ತೆರೆದ ಬುಟ್ಟಿಯಲ್ಲಿ ಇರಲಿ. ಮಳೆಗಾಲದಲ್ಲಂತೂ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿದರೆ ಬೂಷ್ಟು ಗ್ಯಾರಂಟಿ.

ಹಿರಿಯರೊಬ್ಬರು, ಮೊಮ್ಮಗನನ್ನು ಕರೆದುಕೊಂಡು ಬಂದವರು, ಸ್ವಲ್ಪ ಮುಜುಗರದಿಂದಲೇ ಕೇಳಿದರು: "ಹುಡುಗ ಸೀರೆ ಉಟ್ಕೊಂಡು ಓಡಾಡ್ತಾನೆ. ಬಿಡಬಹುದಾ?"

ಅಜ್ಜ, ಯಕ್ಷಗಾನದಲ್ಲಿ ಸ್ತ್ರೀವೇಷ ಇಷ್ಟು ಕಾಲ ಕಟ್ಟಿದ್ದು ಗಂಡಸರೇ ಅಲ್ವಾ? ನೀವು ರಾತ್ರಿಯಿಡೀ ಕೂತು ನೋಡಿ ಹೊಗಳಿದವರು. ಮೊಮ್ಮಗನಿಗೆ ನೆರಿಗೆ ಹಿಡಿಯಲು ಕಲಿಸಿ, ಸೀರೆ ಕಾಲಿಗೆ ತೊಡರದಂತೆ ಮೇಲೆ ಕಟ್ಟಿಕೊಡಿ.

ಹರಿದರೆ ಏನು ಮಾಡೋದು ಅಂತ ಇನ್ನೊಬ್ಬರು ಕೇಳಿದರು. ಚಿಕ್ಕ ಹರಕನ್ನು ನಾನು ಹೊಲಿಯುವುದಿಲ್ಲ, ಅದರಿಂದ ಇಣುಕಿ ನೋಡುತ್ತಾರೆ. ಕೈ ತೂರುವಷ್ಟಾದರೆ ಅಲ್ಲಿಗೇ ಸೀಳಿ ಎರಡು ಮಾಡುತ್ತೇನೆ. ಇನ್ನೂ ಚಿಂದಿಯಾದರೆ ಗೊಂಬೆಗೆ ಬ್ಯಾಂಡೇಜು. ಕೊನೆಗೆ ಅಮ್ಮ ತೆಗೆದುಕೊಂಡು ಹೋಗಿ ಕೌದಿಯ ಒಳಗೆ ಸೇರಿಸುತ್ತಾರೆ.

ಬುಟ್ಟಿ ಇಲ್ಲೇ ಇಟ್ಟಿರುತ್ತೇನೆ. ಹೋಗುವ ಮುಂಚೆ ಒಂದೊಂದನ್ನೂ ಮುಟ್ಟಿ, ಹಿಂಡಿ, ಕೆನ್ನೆಗೆ ಒತ್ತಿ ನೋಡಿ. ಆ ಸುಳ್ಳು ರೇಷ್ಮೆಯನ್ನೂ ಮುಟ್ಟಿ, ವ್ಯತ್ಯಾಸ ಕೈಗೆ ಗೊತ್ತಾಗಲಿ. ಯಾರಿಗಾದರೂ ಬೇಕಾದರೆ ಅದನ್ನು ತೆಗೆದುಕೊಂಡು ಹೋಗಿ. ನೀಲಿ ಪಂಚೆ ಮಾತ್ರ ವಾಪಸ್ ಬೇಕು. ಎಂಟು ಮೊಳ ಇದೆ, ನಾಳೆ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ತುಂಗೆ ಹರಿಯಬೇಕು. ಶನಿವಾರ ಸೇತುವೆ ಅರ್ಧಕ್ಕೆ ನಿಂತಿದೆ.